ಕಾಮೆರಾ ಎಂದರೆ ಕ್ಯಾಮೆರಾ ಅಲ್ಲ

ಇವತ್ತು ಬೆಳಗ್ಗೆ ಹಾಲು ತರಲು ಇಳಿದಾಗ ನಮ್ಮ ಬಿಲ್ಡಿಂಗಿನ ಲಿಫ್ಟಿನ ಪಕ್ಕ ಒಂದು ನೋಟೀಸು ಕಂಡಿತು. ನೀರಿನ ಪಂಪಿನ ವಿಷಯದಲ್ಲಿ ಎರಡು ಮನೆಗಳ ನಡುವೆ ಎದ್ದಿರುವ ಜಗಳವನ್ನು ಸಂಜೆ ಐದಕ್ಕೆ ಸೊಸೈಟಿ ಆಫೀಸಿನಲ್ಲಿ 'ಇನ್ ಕ್ಯಾಮೆರಾ' ವಿಚಾರಿಸಲಾಗುವುದು ಎಂದು. ನಾನು ಓದಿ ಮುಗಿಸುವಷ್ಟರಲ್ಲಿ ಎರಡನೇ ಮಹಡಿಯವರು ಇಸ್ತ್ರಿಗೆ ಕೊಡಲು ಅಂಗಿ ಹಿಡಿದು ಹೊರಟಿದ್ದರು. ಮನೆಗೆ ಬಂದರೆ ಹೆಂಡತಿಗೆ ಸುದ್ದಿ ಆಗಲೇ ತಲುಪಿತ್ತು. "ವಿಡಿಯೋ ತೆಗೀತಾರಂತೆ ಕಣ್ರೀ. ನಾನೂ ಆ ನೀಲಿ ಸೀರೆ ಉಟ್ಕೊಂಡು ಬರ್ಲಾ?"

ನಾನು ಕೆಳಗಿಳಿದು ಸೆಕ್ರೆಟರಿಗೆ ತಿಳಿಸಿ ಹೇಳಿದೆ. ಇನ್ ಕ್ಯಾಮೆರಾ ಎಂದರೆ ಬಾಗಿಲು ಹಾಕಿಕೊಂಡು, ಗುಟ್ಟಾಗಿ ಎಂದು. ಅಲ್ಲಿ ಕ್ಯಾಮೆರಾ ಇರಲೇಬಾರದು ಎಂದು. ಆ ಮೂವತ್ತರ ಹುಡುಗ ನನ್ನನ್ನು ಕರುಣೆಯಿಂದ ನೋಡಿದ. "ಅಂಕಲ್, ಕ್ಯಾಮೆರಾ ಲಿಖಾ ಹೈ, ತೋ ಕ್ಯಾಮೆರಾ ತೋ ಹೋಗಾ ನಾ?" ಕ್ಯಾಮೆರಾ ಎಂದು ಬರೆದ ಮೇಲೆ ಅದು ಇರಲೇಬೇಕಲ್ಲ ಎಂಬುದು ಅವನ ವಾದ. ಪಾಪ, ಮೂರು ಕಾಲಿನ ಸ್ಟ್ಯಾಂಡನ್ನೂ ಎಲ್ಲಿಂದಲೋ ಕೇಳಿ ತಂದಿದ್ದ.

ನೀವು ಹೇಳಬಹುದು, ಇಷ್ಟಕ್ಕೆಲ್ಲ ಮೈ ಪರಚಿಕೊಳ್ಳಬೇಕೇ ಎಂದು. ಹೆಂಡತಿಯೂ ಹಾಗೇ ಅಂದಳು. ಆದರೆ ಈ ಶಬ್ದ ಎಲ್ಲಿ ಕಂಡರೂ ನನಗೆ ರೇಗುತ್ತದೆ. ಅದರ ಮೇಲೆ ಎಷ್ಟು ರೇಗುತ್ತದೋ ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ರೇಗುತ್ತದೆ. ಕಾರಣವನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಇಷ್ಟು ದೂರ ಬಂದಿದ್ದೀರಿ, ಕೂತುಕೊಳ್ಳಿ.

ನಾನು ಮೈಸೂರಿನಿಂದ ಬಂದು ಸಾಂತಾಕ್ರೂಜಿನ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ನಿಂತವನು. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ನಾನಾ ದೇಶದವರು ಬರುತ್ತಿದ್ದರು. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಬಲು ಹೆಮ್ಮೆ. ಟೈ ಕಟ್ಟಿದ ಮೇಲಂತೂ ನನ್ನೊಳಗೆ ಬೇರೆ ಯಾವ ಭಾಷೆಗೂ ಜಾಗ ಇರುತ್ತಿರಲಿಲ್ಲ. ಹೌಸ್‌ಕೀಪಿಂಗಿನವರು ಹಿಂದಿಯಲ್ಲಿ ಮಾತಾಡಿಸಿದರೆ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅವರಲ್ಲಿ ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದುದು ಕಾರ್ಕಳದ ಕಡೆಯ ಗಿರಿಜಕ್ಕನಿಗೆ ಮಾತ್ರ. ಮೂರನೇ ಮಹಡಿಯ ಕೋಣೆಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಓದಿದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ, ಉಳಿದ ಲೋಕದೊಡನೆ ತಮ್ಮದೇ ಒಂದು ಹಿಂದಿ.

ಹನ್ನೆರಡು ವರ್ಷದ ಹಿಂದಿನ ಮಾತು. ಮೇ ತಿಂಗಳ ಒಂದು ಮಧ್ಯಾಹ್ನ ಇಟಲಿಯ ಮುದುಕರೊಬ್ಬರು ಲಿಫ್ಟಿನಿಂದ ಓಡಿಬಂದು ನನ್ನ ಕೌಂಟರಿನ ಮೇಲೆ ಎರಡೂ ಕೈ ಬಡಿದರು. ಹಿಂದಿನ ದಿನವಷ್ಟೇ ಹೆಂಡತಿಯೊಡನೆ ಬಂದು ಇಳಿದಿದ್ದವರು. ಇಂಗ್ಲಿಷ್ ಒಂದಕ್ಷರ ಬಾರದು.

"ಕಾಮೆರಾ! ಕಾಮೆರಾ ಕ್ಯೂಸಾ!"

ಕ್ಯಾಮೆರಾ ಕಳೆದುಹೋಗಿದೆ ಎಂದುಕೊಂಡೆ. ವಿದೇಶಿಯರು ದಿನ ಬೆಳಗಾದರೆ ಕಳೆದುಕೊಳ್ಳುವುದು ಅದನ್ನೇ. ಅತ್ಯಂತ ವಿನಯದಿಂದ ಕಳೆದ ವಸ್ತುಗಳ ಫಾರಂ ಮುಂದಿಟ್ಟು, ಯಾವ ಕಂಪನಿಯದು, ಯಾವ ಬಣ್ಣದ್ದು ಎಂದು ಕೇಳಿದೆ. ಅವರು ಫಾರಂ ತಳ್ಳಿ ಮತ್ತೂ ಜೋರಾಗಿ "ಕಾಮೆರಾ! ಮೋಲ್ಯೆ!" ಎಂದು ಕೂಗಿದರು. ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದ. 'ಕ್ಯೂಸಾ' ಎಂಬುದು ಅವನ ಕಿವಿಗೆ 'ಅಕ್ಯೂಸ್' ಎಂದು ಬಿದ್ದು, ಯಾರ ಮೇಲೋ ಕಳ್ಳತನದ ಆರೋಪ ಹೊರಿಸುತ್ತಿದ್ದಾರೆ ಎಂದು ತೀರ್ಮಾನಿಸಿದ. ಆಗಿನ ನಮ್ಮ ಫೋನುಗಳಿಗೆ ಅನುವಾದ ಮಾಡುವ ಬುದ್ಧಿ ಬಂದಿರಲಿಲ್ಲ. ಇಬ್ಬರೂ ಸೇರಿ ಅವರಿಗೆ ನೀರು ಕೊಟ್ಟೆವು. ಸೋಫಾದ ಮೇಲೆ ಕೂರಿಸಿದೆವು. ಎದ್ದರು, ಮತ್ತೆ ಕೂರಿಸಿದೆವು. ಅವರು ನನ್ನ ತೋಳು ಹಿಡಿದು ಲಿಫ್ಟಿನ ಕಡೆ ಎಳೆದಾಗ, "ಸರ್, ಪ್ಲೀಸ್, ಮೊದಲು ಫಾರಂ" ಎಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅಂದದ್ದು ಅದೇ ಮಾತು. ಮುದುಕರ ಕಣ್ಣಲ್ಲಿ ನೀರು ಬಂತು. ಒಂದು ಕ್ಯಾಮೆರಾಕ್ಕೆ ಇಷ್ಟು ಅಳುವುದೇ ಎಂದು ಒಳಗೊಳಗೇ ಬೇಸರಪಟ್ಟೆ.

ಹೀಗೆ ಇಪ್ಪತ್ತು ನಿಮಿಷ ಕಳೆಯಿತು. ಒಗೆದ ಟವೆಲುಗಳ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಗಿರಿಜಕ್ಕ ನಿಂತು ಕೇಳಿದರು.

"ಎಂತದು ಮಾರಾಯ್ರೆ ಇದು ಗಲಾಟೆ?"

"ಕ್ಯಾಮೆರಾ ಕಳ್ಕೊಂಡಿದ್ದಾರೆ. ನೀವು ಹೋಗಿ ಗಿರಿಜಕ್ಕ, ನಾನು ನೋಡ್ಕೋತೀನಿ."

ಅವರು ಹೋಗಲಿಲ್ಲ. ಮುದುಕರ ಬಾಯನ್ನೇ ನೋಡಿದರು. "ಕ್ಯಾಮೆರಾ ಎಲ್ಲಿ ಹೇಳ್ತಾ ಇದ್ದಾರೆ? ಕಮರಾ ಹೇಳುದಲ್ವಾ ಅವ್ರು? ಕಮರಾ ಅಂದ್ರೆ ರೂಮು. ಹಿಂದಿ ಮಾತಾಡ್ತಾ ಇದ್ದಾರೆ ಪಾಪ, ನಿಮಗೆ ಕೇಳುದಿಲ್ವಾ?"

ನಾನು ನಕ್ಕೆ. ಇಟಲಿಯವರು ಹಿಂದಿ ಮಾತಾಡುತ್ತಾರಂತೆ! ನಾನು ನಕ್ಕು ಮುಗಿಸುವ ಮೊದಲೇ ಗಿರಿಜಕ್ಕ ಗಾಡಿ ಅಲ್ಲೇ ಬಿಟ್ಟು, "ಚಲಿಯೇ ಬಾಬೂಜೀ, ಕಮರಾ ದಿಖಾಯಿಯೇ" ಎಂದು ಆ ಮುದುಕರ ಕೈ ಹಿಡಿದು ಲಿಫ್ಟಿನೊಳಗೆ ಹೋಗಿಯಾಗಿತ್ತು.

ಮುದುಕರು ಸಹಾಯಕ್ಕೆಂದು ಹೊರಗೆ ಓಡಿದಾಗ ಕೋಣೆಯ ಬಾಗಿಲು ತಾನಾಗಿ ಮುಚ್ಚಿ ಬೀಗ ಬಿದ್ದಿತ್ತು. ಬೀಗದ ಕೈ ಒಳಗೇ ಉಳಿದಿತ್ತು. ಹೆಂಡತಿಯೂ ಒಳಗೇ ಇದ್ದರು. ಗಿರಿಜಕ್ಕ ತಮ್ಮ ಕೀಲಿಯಿಂದ ಬಾಗಿಲು ತೆಗೆದಾಗ ಆ ತಾಯಿ ಬಾತ್‌ರೂಮಿನ ನೆಲದ ಮೇಲೆ ಬಿದ್ದಿದ್ದರು. ಬೆಳಗಿನಿಂದ ವಾಂತಿಭೇದಿಯಾಗಿ ತಲೆ ಸುತ್ತಿತ್ತು, ಬಿದ್ದ ಪೆಟ್ಟಿಗೆ ತೊಡೆಯ ಮೂಳೆ ಮುರಿದಿತ್ತು. ಪ್ರಜ್ಞೆ ಅರ್ಧಂಬರ್ಧ. ಆಂಬುಲೆನ್ಸ್ ಬರುವ ತನಕ ಗಿರಿಜಕ್ಕ ನೆಲದ ಮೇಲೆ ಕೂತು ಅವರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ. 'ಅಂತೆ' ಎನ್ನುತ್ತಿದ್ದೇನೆ, ಏಕೆಂದರೆ ನಾನು ಕೆಳಗೇ ಇದ್ದೆ, ಫಾರಂ ಹಿಡಿದುಕೊಂಡು.

ಅವರು ಬದುಕಿದರು. ಮೂರು ವಾರದ ಮೇಲೆ ಗಾಲಿ ಕುರ್ಚಿಯಲ್ಲಿ ಊರಿಗೆ ಹೋದರು. ಆಮೇಲೆ ಇಟಲಿಯಿಂದ ಒಂದು ಕಾಗದ ಬಂತು. ಮ್ಯಾನೇಜರಿಗೆ ಅದರಲ್ಲಿ ತಿಳಿದದ್ದು 'ರಿಸೆಪ್ಷನ್' ಎಂಬ ಒಂದೇ ಪದ. ಅದರ ಹಿಂದೆಮುಂದೆ 'ಕಾಮೆರಾ' ಎಂದು ಎರಡು ಮೂರು ಕಡೆ ಇದ್ದ ಹಾಗಿತ್ತು. ರಿಸೆಪ್ಷನ್ನಿನವರಿಗೆ ಧನ್ಯವಾದ ಹೇಳಿದ್ದಾರೆ ಎಂದು ಅವರೇ ಅರ್ಥ ಮಾಡಿ, ಕಾಗದ ನನಗೆ ಕೊಟ್ಟು, ನನ್ನ ಫೋಟೋಕ್ಕೆ ಕಟ್ಟು ಹಾಕಿಸಿ ತಿಂಗಳ ಉತ್ತಮ ಕೆಲಸಗಾರ ಎಂದು ಸ್ಟಾಫ್ ಕಾರಿಡಾರಿನಲ್ಲಿ ತೂಗುಹಾಕಿದರು. ಮುಂದಿನ ತಿಂಗಳು ಬೇರೆಯವರ ಫೋಟೋ ಹಾಕುವುದನ್ನು ಮರೆತರು. ಅದು ಆರು ವರ್ಷ ಅಲ್ಲೇ ಇತ್ತು.

ಕೆಲವು ತಿಂಗಳ ಮೇಲೆ ರೋಮಿನಲ್ಲಿ ಓದಿದ ಪಾದ್ರಿಯೊಬ್ಬರು ಊಟಕ್ಕೆ ಬಂದಿದ್ದರು. ಅವರಿಗೆ ಕಾಗದ ತೋರಿಸಿದೆ, ಹೊಗಳಿಕೆಯನ್ನು ಪೂರ್ತಿಯಾಗಿ ಸವಿಯುವ ಆಸೆಯಿಂದ. ಅವರು ಓದಿ ಹೇಳಿದರು: "ರಿಸೆಪ್ಷನ್ನಿನಲ್ಲಿ ನನ್ನ ಮಾತು ಯಾರಿಗೂ ತಿಳಿಯಲಿಲ್ಲ. ಕಾಮೆರ್ಯೇರಾಗೆ ತಿಳಿಯಿತು. ನನ್ನ ಹೆಂಡತಿ ಬದುಕಿರುವುದು ಆಕೆಯಿಂದ. ದಯವಿಟ್ಟು ಆಕೆಗೆ ಇದನ್ನು ಓದಿ ಹೇಳಿ." ಕಾಮೆರ್ಯೇರಾ ಎಂದರೆ ಕೋಣೆ ನೋಡಿಕೊಳ್ಳುವ ಹೆಂಗಸು.

ಊಟ ಮುಗಿಯುವ ತನಕ ಆ ಪಾದ್ರಿ ಖುಷಿಯಿಂದ ಪಾಠ ಮಾಡಿದರು. ಲ್ಯಾಟಿನ್ನಿನಲ್ಲಿ ಕಾಮೆರಾ ಎಂದರೆ ಕಮಾನು ಚಾವಣಿಯ ಕೋಣೆ. ಇಟಲಿಯವರು ಆ ಕೋಣೆ ಬಿಟ್ಟು ಕದಲಲಿಲ್ಲ. ಅವತ್ತು ಮುದುಕರು ಕೂಗಿದ 'ಕ್ಯೂಸಾ' ಎಂದರೆ ಮುಚ್ಚಿಕೊಂಡಿದೆ ಎಂದು, 'ಮೋಲ್ಯೆ' ಎಂದರೆ ಹೆಂಡತಿ ಎಂದು. ಫ್ರೆಂಚರು ಶಾಂಬ್ರ್ ಎಂದು ಮೂಗಿನಲ್ಲಿ ಎಳೆದರೂ ಅದು ಕೋಣೆಯೇ. ಸ್ಪೇನಿನವರಿಗೆ ಅದು ಸಂಸತ್ತಿನ ಸದನವೂ ಹೌದು, ಫೋಟೋ ತೆಗೆಯುವ ಯಂತ್ರವೂ ಹೌದು. ರಷ್ಯಾಕ್ಕೆ ಹೋಗಿ ಅದೇ ಶಬ್ದ ಸೆರೆಮನೆಯ ಕೋಣೆಯೂ ಆಯಿತು. ಕತ್ತಲೆ ಕೋಣೆಯ ಗೋಡೆಯ ಮೇಲೆ ಹೊರಗಿನ ಬಿಂಬ ಮೂಡಿಸುವ ಆಟ ಆಡುತ್ತ ಆಡುತ್ತ ಇಂಗ್ಲಿಷರು ಕೋಣೆ ಬಿಟ್ಟು ಡಬ್ಬಿ ಹಿಡಿದರು. ಅವರ ಹಳೆಯ ಕೋಣೆ ಕೋರ್ಟಿನ ಭಾಷೆಯಲ್ಲಿ ಮಾತ್ರ ಉಳಿದಿದೆ. ಕಾಮ್ರೇಡ್ ಎಂದರೂ ಮೊದಲಿಗೆ ಒಂದೇ ಕೋಣೆಯಲ್ಲಿ ಮಲಗುವವನು ಎಂದೇ ಅರ್ಥವಂತೆ. ಹಾಗೆ ನೋಡಿದರೆ ಚಾಳಿನ ಒಂದೇ ರೂಮಿನಲ್ಲಿ ಹತ್ತು ಜನ ಕಾಲು ಮಡಚಿ ಮಲಗುವ ಈ ಊರಿನಲ್ಲಿ ಯಾರು ಕಾಮ್ರೇಡ್ ಅಲ್ಲ ಹೇಳಿ? ಇನ್ನು ಪೋರ್ಚುಗೀಸರು ಆ ಶಬ್ದವನ್ನು ಹಡಗಿನಲ್ಲಿ ಹಾಕಿಕೊಂಡು ನಮ್ಮ ಕರಾವಳಿಗೆ ತಂದರು. ಅದೇ ಹಿಂದಿಯ ಕಮರಾ.

ಅಂದರೆ ಗಿರಿಜಕ್ಕ ಹೇಳಿದ್ದು ಅಕ್ಷರಶಃ ಸರಿ. ದಿನಕ್ಕೆ ನೂರು ಸಲ ನನ್ನ ಕಿವಿಯ ಮೇಲೆ ಬೀಳುತ್ತಿದ್ದ ಶಬ್ದ ಅದು. ಇಂಗ್ಲಿಷ್ ತುಂಬಿಕೊಂಡಿದ್ದ ಕಿವಿಗೆ ಅದು ಕೇಳಿಸಲಿಲ್ಲ.

ಈಗ ಬೈಯಿರಿ. ಅವತ್ತೇ ಮೂರನೇ ಮಹಡಿಗೆ ಹೋಗಿ ಕಾಗದ ಓದಿ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಅಂದೆ, ಬೋನಸ್ ಆದ ಮೇಲೆ ಅಂದೆ. ಗಿರಿಜಕ್ಕ ರಿಟೈರಾದರು, ನಾನೂ ರಿಟೈರಾದೆ. ಅಂದಿನಿಂದ ಆ ಶಬ್ದದ ಮೂಲವನ್ನು ಸಿಕ್ಕಸಿಕ್ಕವರಿಗೆ ಕೊರೆಯುತ್ತ ಬಂದಿದ್ದೇನೆ, ಗಿರಿಜಕ್ಕನ ಹೆಸರೊಂದನ್ನು ಬಿಟ್ಟು.

ಬೆಳಗ್ಗೆ ಆ ಸೆಕ್ರೆಟರಿಯ ಎದುರು ಗಂಟಲು ಹರಿದುಕೊಳ್ಳುತ್ತಿದ್ದಾಗ ನನ್ನ ದನಿ ನನಗೇ ಅಸಹ್ಯವಾಯಿತು. ಮೇಲೆ ಬಂದು ಟ್ರಂಕಿನಿಂದ ಕಾಗದ ತೆಗೆದು ಜೇಬಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಟೆ. ಭಾನುವಾರ, ಹಳಿ ರಿಪೇರಿ, ಲೋಕಲ್ ರೈಲುಗಳೇ ಇಲ್ಲ. ಬಂದ ಒಂದು ಲೋಕಲ್ಲಿನಲ್ಲಿ ಕಾಲಿಡಲು ಜಾಗವಿಲ್ಲ. ದಹಿಸರಿನಲ್ಲಿರುವ ಗಿರಿಜಕ್ಕನ ಮನೆ ತಲುಪುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ.

ಗಿರಿಜಕ್ಕ ಬಾಗಿಲಲ್ಲೇ ಗುರುತು ಹಿಡಿದರು. "ಟೈ ಇಲ್ಲದೆ ನೋಡಿದ್ದೇ ಇಲ್ಲ ನಿಮ್ಮನ್ನು! ಬನ್ನಿ, ಊಟ ಆಯ್ತಾ?" ಎಂದರು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಫೋಟೋ ನನ್ನದಾಗಬಾರದಿತ್ತು ಎಂದೂ ಹೇಳಿದೆ.

"ಅದು ನಂಗೆ ಗೊತ್ತಿಲ್ವಾ? ಆರು ವರ್ಷ ಆ ಫೋಟೋದ ಗ್ಲಾಸು ಒರೆಸಿದ್ದು ನಾನೇ ಅಲ್ವಾ?" ಎಂದರು ಗಿರಿಜಕ್ಕ.

ಆದರೆ ಕಾಗದದ ವಿಷಯ ಅವರಿಗೆ ಗೊತ್ತಿರಲಿಲ್ಲ. ಪಾದ್ರಿ ಹೇಳಿದ್ದನ್ನು ಒಂದೊಂದೇ ಸಾಲಾಗಿ ಹೇಳಿದೆ. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿದರು. ಹೆಸರು ಆ ಮುದುಕರಿಗೆ ಗೊತ್ತಿರಲಿಲ್ಲ, ಹೀಗೆ ಬರೆದಿದ್ದಾರೆ ಎಂದು ಕಾಮೆರ್ಯೇರಾ ಇದ್ದ ಕಡೆ ಬೆರಳಿಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸಿಟ್ಟು ಬಂತು.

"ಹನ್ನೆರಡು ವರ್ಷ! ನಂಗೆ ಬರೆದ ಕಾಗದ ನಿಮ್ಮ ಪೆಟ್ಟಿಗೆಯಲ್ಲಿ! ಎಂತ ಮನುಷ್ಯರು ನೀವು? ಅವ್ರಿಗೆ ಉತ್ತರವಾದ್ರೂ ಬರೆದ್ರಾ?"

"ಇಲ್ಲ."

"ಪೆನ್ನು ಉಂಟಾ? ಕೂತ್ಕೊಳ್ಳಿ."

ಕೂತೆ. ಅವರು ಹೇಳುತ್ತ ಹೋದರು. "ಅಮ್ಮ, ನಿಮ್ಮ ಕಾಲು ಹೇಗುಂಟು? ಕಾಗದ ನಂಗೆ ಇವತ್ತು ಸಿಕ್ಕಿತು." ನಾನು ಬರೆಯುತ್ತ ಹೋದೆ. ಇದನ್ನು ಇಟಲಿಯ ಭಾಷೆಗೆ ತಿರುಗಿಸುವ ಕೆಲಸ ಇನ್ನು ನನ್ನ ಫೋನಿನದು. ಅದು ಏನೆಲ್ಲ ಅವಾಂತರ ಮಾಡುತ್ತದೋ. ಆ ದಂಪತಿ ಇನ್ನೂ ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಪುಟ ತುಂಬಿದಾಗ ಕೊನೆಯಲ್ಲಿ ಏನು ಹಾಕಲಿ ಎಂದು ಕೇಳಿದೆ.

"ಗಿರಿಜಾ ಅಂತ ಹಾಕಿ. ಅಷ್ಟೇ," ಎಂದರು. ನನ್ನ ಪೆನ್ನು ಇನ್ನೂ ಕಾಗದದ ಮೇಲೆಯೇ ಇರುವುದನ್ನು ಕಂಡು ಸೇರಿಸಿದರು, "ಬರೆದವ್ರ ಹೆಸರು ಬೇಡ."