ಮಜ್ಜಿಗೆ ಕುಡಿಯದ ಗೋಲ್‌ಕೀಪರ್

1996ರಲ್ಲಿ, ಎಂಟನೇ ಇಯತ್ತೆ ಅರ್ಧಕ್ಕೆ ಸಾಲಿ ಬಿಟ್ಟೆ. ಹುಮನಾಬಾದಿನಲ್ಲಿ ವೆಲ್ಡಿಂಗ್ ಕಲಿತೆ, ಸ್ವಂತ ಅಂಗಡಿ ಹಾಕಿದೆ, ಹಾಕಿ ಆಟದ ತಂಡ ಕಟ್ಟಿದೆ. ಗೋಲ್‌ಪೋಸ್ಟ್ ಕೂಡ ನನ್ನ ಕೈಯಿಂದಲೇ ಬೆಸೆದದ್ದು. ಇವತ್ತು ಕಲಬುರಗಿ, ಸೊಲ್ಲಾಪುರದವರು ದುಡ್ಡು ಕೊಟ್ಟು ಕರೆಸುವ ತಂಡ ಅದು.

ನಮ್ಮ ಮೊದಲನೇ ತಂಡ ಒಡೆದದ್ದು ಆಟದಿಂದಲ್ಲ, ಊಟದಿಂದ. ಕ್ಯಾಂಪಿನಲ್ಲಿ ನಾಲ್ಕು ಮಂದಿ ಜಾತಿ ನೋಡಿ ಬ್ಯಾರೆ ಕೂತು ಬುತ್ತಿ ಬಿಚ್ಚಿದರು, ಉಳಿದವರು ಎದ್ದು ಹೋದರು. ಎರಡನೇ ಕ್ಯಾಂಪಿನಿಂದ ನಾನೊಂದು ಕಾಯ್ದೆ ಮಾಡಿದೆ. ಮುಂಜಾನೆ ಓಟ ಮುಗಿದ ಮೇಲೆ ಎಲ್ಲರೂ ನನ್ನ ಕೈಯಿಂದ, ಒಂದೇ ಚರಿಗೆಯಲ್ಲಿ ಮಜ್ಜಿಗೆ ಕುಡಿಯಬೇಕು. ಇಷ್ಟು ವರ್ಷ ಯಾರೂ ಒಲ್ಲೆ ಅಂದಿರಲಿಲ್ಲ.

ಈ ಸಲದ ಬ್ಯಾಸಗಿ ಕ್ಯಾಂಪು ರಂಜಾನ್ ಈದ್ ಆದ ನಾಲ್ಕನೇ ದಿನ ಶುರುವಾಯಿತು. ನಮ್ಮ ಗೋಲ್‌ಕೀಪರ್ ಬೇಮಳಖೇಡದವ, ಟೆಂಪೊ ಓಡಿಸುತ್ತಾನೆ. ಚರಿಗೆ ಮುಂದೆ ಹಿಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

"ನನಗ ರೋಜಾ ಅದ್ರಿ ಉಸ್ತಾದ್."

"ಉಪಾಸ ಈದಿಗೇ ಮುಗೀತಲ್ಲ, ಇದ್ಯಾವ ರೋಜಾ? ಮೊನ್ನೆ ನಿಮ್ಮನಿಯಾಗ ಶೀರ್‌ಖುರ್ಮಾ ಕುಡದು ಬಂದೀನಿ. ನಾಳಿಂದ ಓಡಾಕ ಬ್ಯಾಸರಾದ್ರ ನೆಟ್ಟಗ ಹೇಳು."

"ಖರೇನ ಅದ್ರಿ."

"ಇಂವಗ ಹೊಸಾ ಕ್ಯಾಲೆಂಡರ್ ಬಂದಿರಬೇಕ್ರಿ ಉಸ್ತಾದ್!" ಅಂದ ನಮ್ಮ ಕ್ಯಾಪ್ಟನ್. ಎಲ್ಲರೂ ನಕ್ಕರು. ನಾನೂ ನಕ್ಕೆ. ತಂಡದ ಇನ್ನಿಬ್ಬರು ಮುಸ್ಲಿಮರು ಆಗಲೇ ಕುಡಿದಿದ್ದರು. ತಲೆ ತಗ್ಗಿಸಿ ನಿಂತರು. ಅದು ನನಗೆ ಸಾಕ್ಷಿಯಂತೆ ಕಂಡಿತು.

"ನನ್ನ ಕೈಯಾಂದು ನಡೆಯಾಂಗಿಲ್ಲ ಅಂದ್ರ ಹಂಗಂತ ಹೇಳು. ಸುಳ್ಳ್ಯಾಕ ಹೇಳ್ತಿ?"

ಅವನು ಆಟಕ್ಕೆಂದು ಆಗಲೇ ಕಟ್ಟಿಕೊಂಡಿದ್ದ ಕಾಲಿನ ಪ್ಯಾಡ್ ಬಿಚ್ಚಿ ಗೋಲ್‌ಪೋಸ್ಟಿಗೆ ಒರಗಿಸಿಟ್ಟು ಹೋದ. ಹೋಗಲಿ ಅಂದೆ. ಮರುದಿನ ಬಂದೇ ಬರುತ್ತಾನೆ ಅಂದುಕೊಂಡಿದ್ದೆ.

ಬರಲಿಲ್ಲ. ಬಸವಕಲ್ಯಾಣದ ಟೂರ್ನಮೆಂಟಿನಲ್ಲಿ ಬೇರೊಬ್ಬನನ್ನು ಗೋಲಿಗೆ ನಿಲ್ಲಿಸಿದೆ. ಮೊದಲ ಆಟದಲ್ಲೇ ನಾಲ್ಕು ಗೋಲು ತಿಂದು ಹೊರಬಿದ್ದೆವು. ನನಗೆ ವೆಲ್ಡಿಂಗ್ ರಾಡ್ ಮಾರುವ ಅಲ್ಲಿಯ ಚಾಚಾ ಆಟ ನೋಡಲಿಕ್ಕೆ ಬಂದಿದ್ದರು.

"ನಿಮ್ಮ ಕೀಪರ್ ಎಲ್ಲಿ?" ಅಂದರು. ನಡೆದದ್ದು ಹೇಳಿದೆ, ತಪ್ಪು ಅವನದೇ ಅನ್ನೂ ಹಂಗ.

ಚಾಚಾ ನನ್ನ ಕಡೆ ತಿರುಗಿ ಕೂತರು. "ಈದ್ ಆದ ಮ್ಯಾಲ ಆರು ರೋಜಾ ಇರ್ತಾವಪ್ಪ. ಹಿಡೀಲೇಬೇಕಂತಿಲ್ಲ, ಮನಸಿದ್ದವರು ಹಿಡೀತಾರ. ಹುಟ್ಟಿದಾಗಿಂದ ನಮ್ಮ ನಡುವ ಇದ್ದಿ, ಒಂದಿನಾನೂ ಕೇಳ್ಲಿಲ್ಲೇನು?"

ಆ ಬಿಸಿಲಲ್ಲಿ ನೀರಿಲ್ಲದೆ ನಾನು ಹೇಳಿದ ಓಟ ಪೂರಾ ಓಡಿದವನಿಗೆ ಮೈಗಳ್ಳ, ಸುಳ್ಳ ಅಂದಿದ್ದೆ.

ಬೇಮಳಖೇಡಕ್ಕೆ ಹೋದೆ. ಅವನು ಕುರ್ಚಿ ಹಾಕಿದ, ನೀರು ಕೊಟ್ಟ, ಚಹಾ ಮಾಡಿಸಿದ. ತಪ್ಪಾತು ಅನ್ನೂದು ಮೂರೇ ಅಕ್ಷರದ ಮಾತು. ನನ್ನ ಬಾಯಿಂದ ಬಂದದ್ದು ಬೇರೆ.

"ಪ್ಯಾಡ್ ಹರಿದಿದ್ವು, ಹೊಲಿಸೀನಿ. ನಾಳಿಗಿ ಬಾ."

"ಪ್ಯಾಡ್ ಸಲುವಾಗಿ ಹೋಗಿದ್ದಿಲ್ರಿ ಉಸ್ತಾದ್ ನಾ," ಅಂದ. ದನಿ ಏರಿಸಲಿಲ್ಲ. ಮತ್ಯಾಕ ಹೋದಿ ಅಂತ ನಾನು ಕೇಳುವುದನ್ನೇ ಕಾಯುತ್ತ ಇನ್ನಷ್ಟು ಹೊತ್ತು ಕೂತ. ನಾನು ಚಹಾ ಮುಗಿಸಿ ಎದ್ದು ಬಂದೆ. ಇಲ್ಲಿ ಬರೆಯಲಿಕ್ಕೆ ಬರುವ ಆ ಮೂರಕ್ಷರ ಅವನ ಮುಂದೆ ಬಾಯಿಗೆ ಬರಲಿಲ್ಲ.

ಈಗ ನನ್ನ ಹತ್ತಿರ ಹದಿನಾರು ಸ್ಟಿಕ್ ಇವೆ, ಮೂವತ್ತು ಚೆಂಡು, ಹತ್ತು ಮಂದಿ ಆಟಗಾರರು. ಗೋಲ್‌ಕೀಪರ್ ಇಲ್ಲ.