ಎಂಟು ಬಾಟಲಿ, ಒಂದೇ ಕೆಂಪು

೧೯೭೬ರಲ್ಲಿ ನಾನು ರಾಜಾಜಿನಗರದ ಒಂದು ದತ್ತಿ ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸಕ್ಕರೆ ಕಾಯಿಲೆ ಉಳ್ಳವರಿಗೆ ಮಾತ್ರ ಬರುತ್ತದೆ ಎಂದು ಎಷ್ಟೋ ವೈದ್ಯರೇ ನಂಬಿದ್ದ ಕಾಲ. ಮಾಗಡಿ ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಈ ಕಾಯಿಲೆಯವರನ್ನು ಹುಡುಕಿ, ಅವರು ಚಿಕಿತ್ಸೆಯ ನಡುವೆ ಕೈತಪ್ಪಿ ಹೋಗದಂತೆ ನೋಡಿಕೊಳ್ಳಲು ವಿದೇಶದ ಸಂಸ್ಥೆಯೊಂದು ನಮಗೆ ಗ್ರಾಂಟ್ ಕೊಟ್ಟಿತ್ತು. ಹೆಲ್ತ್ ವಿಸಿಟರ್ ಸರೋಜ ಮನೆಮನೆಯಿಂದ ಮೂತ್ರದ ಬಾಟಲಿ ತರಬೇಕು, ನಾವು ಪರೀಕ್ಷಿಸಿ ಸಕ್ಕರೆ ಕಂಡವರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು, ಅಲ್ಲಿಂದ ಮರಳಿದವರ ಮನೆಗೆ ಸರೋಜ ಮತ್ತೆ ಹೋಗಬೇಕು. ಅದಕ್ಕೂ ಮೊದಲು ಹಳ್ಳಿ, ಕ್ಲಿನಿಕ್, ಆಸ್ಪತ್ರೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ನನ್ನದು ಹುಟ್ಟಾ ಅನುಮಾನದ ಸ್ವಭಾವ. ಹಾಲಿನವನು ಗಟ್ಟಿ ಹಾಲು ಕೊಟ್ಟರೆ ಇವತ್ತೇನಪ್ಪ ವಿಶೇಷ ಎಂದು ಯೋಚಿಸುವವಳು ನಾನು. ಹಾಗಾಗಿ ಹೆಗ್ಗನಹಳ್ಳಿಯ ಒಂದೇ ಬೀದಿಯಿಂದ ಎಂಟು ಹೆಂಗಸರ ಬಾಟಲಿ ಬಂದ ದಿನ ನನಗೆ ಸಮಾಧಾನವಾಗಲಿಲ್ಲ. ಆಗ ನಾವು ಬಳಸುತ್ತಿದ್ದುದು ಬೆನೆಡಿಕ್ಟ್ ದ್ರಾವಣ, ನೀಲಿ ಬಣ್ಣದ್ದು. ಕೆಲವು ಹನಿ ಮೂತ್ರ ಬೆರೆಸಿ ಕುದಿಸಿದಾಗ ಸಕ್ಕರೆ ಇಲ್ಲದಿದ್ದರೆ ಅದು ನೀಲಿಯಾಗಿಯೇ ಉಳಿಯುತ್ತದೆ. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಅಂದು ಎಂಟೂ ಇಟ್ಟಿಗೆ ಕೆಂಪು.

"ಒಳ್ಳೇದೇ ಆಯ್ತಲ್ಲಮ್ಮ, ಗ್ರಾಂಟ್‌ನೋರು ಬರೋ ಹೊತ್ತಿಗೆ ಎಂಟು ಹೊಸ ಕೇಸು" ಎಂದರು ನಮ್ಮ ಮುಖ್ಯಸ್ಥರು. ಆ ಖುಷಿಯನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದ ಹುಡುಗಿಯಿಂದ ಹಿಡಿದು ಮುದುಕಿಯವರೆಗೆ ಇಡೀ ಬೀದಿಗೆ ಒಟ್ಟಿಗೆ ಹರಡಲು ಇದೇನು ನೆಗಡಿಯೇ? ಮೊದಲು ದ್ರಾವಣದ ಮೇಲೆ ಅನುಮಾನಪಟ್ಟು ನನ್ನದನ್ನೇ ಪರೀಕ್ಷಿಸಿದೆ, ನೀಲಿ. ಆಮೇಲೆ ಸರೋಜಳ ಮೇಲೆ. ಒಬ್ಬರದನ್ನೇ ಎಂಟು ಬಾಟಲಿಗೆ ತುಂಬಿ ತಂದೆಯಾ ಎಂದು ಕೇಳಿದ್ದಕ್ಕೆ ಅವಳ ಕಣ್ಣಲ್ಲಿ ನೀರು ಬಂತು.

"ನನ್ನನ್ನ ಹೊಸ್ತಿಲು ದಾಟಿಸಲ್ಲ, ಡಾಕ್ಟ್ರೇ. ಬೀದೀಲಿ ನಿಂತಿರ್ತೀನಿ, ಅವರೇ ಒಳಗಿಂದ ತಂದ್ಕೊಡ್ತಾರೆ."

ಅಂದರೆ ಎಂಟು ಬಾಟಲಿಯೂ ಒಬ್ಬಳದೇ. ಆ ಬೀದಿಯಲ್ಲಿ ಯಾರೋ ಒಬ್ಬಳಿಗೆ ಕಾಯಿಲೆ ವಿಪರೀತಕ್ಕೆ ಹೋಗಿದೆ, ಅವಳು ಯಾರೆಂಬುದು ನಮಗೆ ಗೊತ್ತಿಲ್ಲ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಸ್ಪಿರಿಟ್ ದೀಪ, ದ್ರಾವಣ ಹಿಡಿದು ಸರೋಜಳ ಜೊತೆ ಹೆಗ್ಗನಹಳ್ಳಿಗೆ ಹೋದೆ. ತುರ್ತು ಪರಿಸ್ಥಿತಿಯ ದಿನಗಳು. ಸಿರಿಂಜು ಹಿಡಿದು ಬಂದವರೆಲ್ಲ ಕುಟುಂಬ ಯೋಜನೆ ಆಪರೇಷನ್‌ಗೆ ಎಳೆದೊಯ್ಯುವವರು ಎಂಬ ಗುಸುಗುಸು ಊರೂರಲ್ಲಿತ್ತು. ನಮ್ಮನ್ನು ಕಂಡದ್ದೇ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಜಗಲಿ ಬಿಟ್ಟು ಏಳದೆ ಕೂತವರು ಒಬ್ಬರೇ, ಬೀದಿಗೆಲ್ಲ ಹಿರಿಯರಾದ ಕೆಂಪಮ್ಮ.

"ನಮ್ ಉಚ್ಚೆ ತಗಂಡು ಏನ್ ಮಾಡೀರಿ ನೀವು?"

"ಇಲ್ಲೇ ಮಾಡಿ ತೋರಿಸ್ತೀನಿ, ನೀವೇ ನೋಡಿ" ಎಂದೆ.

ಅವರದೇ ಜಗಲಿಯಲ್ಲಿ ದೀಪ ಹಚ್ಚಿ ಮೊದಲು ನನ್ನದನ್ನು ಕುದಿಸಿದೆ. ಕುತೂಹಲಕ್ಕೆ ಬಾಗಿಲುಗಳು ತೆರೆದವು. ಸರೋಜ ಹಿತ್ತಲಲ್ಲಿ ಕಾವಲು ನಿಂತಳು. ಎಂಟೂ ಹೆಂಗಸರು, ಕೆಂಪಮ್ಮನೂ ಸೇರಿ, ಹೊಸದಾಗಿ ತಂದುಕೊಟ್ಟರು. ಎಲ್ಲವೂ ನೀಲಿ.

"ನಿಮಗ್ಯಾರಿಗೂ ಈ ಕಾಯಿಲೆ ಇಲ್ಲ. ನಿನ್ನೆ ಕಳಿಸಿದ್ದು ಯಾರದು ಅಂತ ಹೇಳದಿದ್ರೆ ಆಕೆ ಉಳಿಯೋದು ಕಷ್ಟ."

ಎಲ್ಲರೂ ಕೆಂಪಮ್ಮನ ಮನೆಯ ಬಾಗಿಲು ನೋಡುತ್ತಿದ್ದರು. "ಉಚ್ಚೆ ನೋಡಿ ಬಸುರು ಕಂಡುಹಿಡೀತಾರಂತೆ, ಬಸುರಿ ಹೆಂಗಸ್ನ ಆಪರೇಸನ್‌ಗೆ ಕರ್ಕಂಡು ಹೋಗಲ್ಲ ಅಂದ್ರು. ಅದಕ್ಕೇ ಎಲ್ಲಾರಿಗೂ ನಮ್ ಸೊಸೇದೇ ತುಂಬಿ ಕೊಟ್ಟೆ" ಎಂದರು ಕೆಂಪಮ್ಮ, ನನ್ನ ಮುಖ ನೋಡದೆ.

ಒಳಗೆ ನೀರಿನ ಚೊಂಬು ಪಕ್ಕದಲ್ಲಿಟ್ಟುಕೊಂಡು ಸೊಸೆ ರತ್ನ ಕೂತಿದ್ದಳು. ಏಳು ತಿಂಗಳು. ಹಿಂದಿನ ಎರಡು ಮಕ್ಕಳೂ ದಿನ ತುಂಬಿ, ದಷ್ಟಪುಷ್ಟವಾಗಿ, ಉಸಿರಿಲ್ಲದೆ ಹುಟ್ಟಿದ್ದವು. ಬಸುರಿಯ ರಕ್ತದಲ್ಲಿ ಸಕ್ಕರೆ ಮಿತಿಮೀರಿದರೆ ಮಗು ಅತಿಯಾಗಿ ಬೆಳೆದು ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲೇ ಸಾಯುವುದುಂಟು. ಮೂರನೆಯದೂ ಅದೇ ದಾರಿಯಲ್ಲಿತ್ತು.

ಕ್ಲಿನಿಕ್ಕಿನಲ್ಲಿ ಮುಖ್ಯಸ್ಥರು ಮುಖ ಗಂಟಿಕ್ಕಿದರು. "ಎಂಟು ಕೇಸು ಒಂದಾಯ್ತು. ಅದೂ ಬಸುರಿ, ಗ್ರಾಂಟಿನ ಷರತ್ತಿನಲ್ಲೇ ಇಲ್ಲ." ಗ್ರಾಂಟ್‌ನವರಿಗೆ ನಾನೇ ಉತ್ತರ ಹೇಳುತ್ತೇನೆ, ಇನ್ಸುಲಿನ್ ಈಗ ಕೊಡಿ ಎಂದು ಪಟ್ಟು ಹಿಡಿದೆ. ಗೊಣಗುತ್ತ ಸಹಿ ಹಾಕಿದರು. ಆಮೇಲೆ ಬಂದ ಗ್ರಾಂಟ್‌ನವರು ನಾನು ಹೇಳಿದ್ದನ್ನೆಲ್ಲ ಕೇಳಿ, ಬಸುರಿಯರನ್ನೂ ಯೋಜನೆಗೆ ಸೇರಿಸಿದರು.

ಆ ಇನ್ಸುಲಿನ್ ಜೊತೆ ರತ್ನಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಕೆಂಪಮ್ಮ ಸೊಸೆಯ ಮಂಚ ಬಿಟ್ಟು ಕದಲಲಿಲ್ಲ. ಮದ್ದನ್ನು ತಮ್ಮ ಕಣ್ಣೆದುರೇ ಸಿರಿಂಜಿಗೆ ತುಂಬಬೇಕು, ಸೂಜಿ ಕುದಿಸಿದ್ದನ್ನು ತೋರಿಸಬೇಕು. ನರ್ಸುಗಳು ರೇಗಿದರು, ನನಗೆ ಮಾತ್ರ ಅನುಮಾನದಲ್ಲಿ ನನ್ನದೇ ಜಾತಿಯವರೊಬ್ಬರು ಸಿಕ್ಕ ಸಂತೋಷ. ಸಕ್ಕರೆ ಹತೋಟಿಗೆ ಬಂತು. ಆದರೆ ದಿನ ತುಂಬುವವರೆಗೆ ಕಾಯುವಂತಿಲ್ಲ, ಸಿಸೇರಿಯನ್ ಮಾಡಿ ಮಗುವನ್ನು ತೆಗೆಯಬೇಕು ಎಂದರು ಅಲ್ಲಿನ ವೈದ್ಯರು.

ಆಪರೇಷನ್. ಊರಿಗೆ ಊರೇ ಯಾವ ಮಾತಿಗೆ ಬಾಗಿಲು ಹಾಕಿಕೊಂಡಿತ್ತೋ ಅದೇ ಮಾತು. ಸಹಿ ಹಾಕಬೇಕಾದ ಮಗ ತಾಯಿಯ ಮುಖ ನೋಡಿದ. ಕೆಂಪಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

"ಮಗೀನ್ ಜೊತೆಗೆ ಅವಳ ಗರ್ಭಕೋಸಾನೂ ಕಿತ್ಕಂಡ್ರೆ? ನೀವ್ ಒಳಗಿರ್ತೀರಾ?"

"ಕೊನೇವರೆಗೂ ಇರ್ತೀನಿ."

ನಿಂತೆ, ಕೊನೆಯ ಹೊಲಿಗೆಯವರೆಗೂ ಕಣ್ಣು ಕೀಳದೆ. ಹೆಣ್ಣು ಮಗು. ಹುಟ್ಟಿದ ಕೂಡಲೇ ಅಳಲಿಲ್ಲ. ಆಮೇಲೆ ಅತ್ತಾಗ ನನಗೂ ಅಳು ಬಂತು.

ಹೊರಗೆ ಬಂದು ವಿಷಯ ಹೇಳಿದೆ. ಕೆಂಪಮ್ಮ ನಗಲಿಲ್ಲ, ಕೈ ಮುಗಿಯಲೂ ಇಲ್ಲ.

"ಹಿಂದಿನ್ ಎಲ್ಡೂ ಇದ್ರಿಂದ್ಲೇ ಹೋದ್ವಾ, ಡಾಕ್ಟ್ರಮ್ಮ?"

"ಇರಬಹುದಮ್ಮ."

"ಅವು ಸತ್ತಾಗ ಯಾಕೆ ಅಂತ ಯಾರೂ ಬಂದು ಕೇಳ್ನಿಲ್ಲ. ಈಗ ಬಾಟ್ಲಿ ಹಿಡ್ಕಂಡು ಬಂದ್ರಿ. ಹೆಂಗ್ ನಂಬಾದು?"

ಅದಾದ ಮೇಲೂ ಬಹಳ ವರ್ಷ ಕೆಲಸ ಮಾಡಿದೆ, ಬೇಕಾದಷ್ಟು ಮುಚ್ಚಿದ ಬಾಗಿಲುಗಳನ್ನು ಕಂಡೆ. ಆದರೆ ಜನಕ್ಕೆ ತಿಳಿವಳಿಕೆ ಇಲ್ಲ ಎಂದು ಗೊಣಗುತ್ತ ಹಿಂತಿರುಗಲಿಲ್ಲ. ಜಗಲಿಯ ಮೇಲೆ ಕೂತು, ಈ ಮನೆಯಲ್ಲಿ ಯಾರನ್ನು ಕಳೆದುಕೊಂಡಿದ್ದೀರಿ ಎಂದು ಮೊದಲು ಕೇಳುತ್ತಿದ್ದೆ.