ಗಂಗಕ್ಕನ ಭಾವಗ ಆದಂಗ

ದೋಸ್ತರ, ಆಸ್ಪತ್ರಿಗೆ ಯಾರರ ಧೈರ್ಯ ಹೇಳಾಕ ಬರ್ತೇನಿ ಅಂದ್ರ ಕೈ ಮುಗದು ಬ್ಯಾಡ ಅನ್ರಿ.

ಇವತ್ತ ಮಧ್ಯಾಹ್ನ ರಾಣೆಬೆನ್ನೂರಾಗ ನಮ್ಮವ್ವನ ಕಣ್ಣಿನ ಪೊರಿ ಆಪರೇಷನ್ ಇತ್ತು. ಮುಂಜಾನೆ ಅಕಿ ವಾರ್ಡಿನಾಗ ಆರಾಮ ಕುಂತು, ಕೆಂಪ ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿ ಎಷ್ಟ ಹಾಕಬೇಕು ಅಂತ, ನಾಳೆ ಆಪರೇಷನ್ ಇದ್ದ ಬಾಜೂ ಕಾಟಿನ ಹೆಣಮಗಳ ಜೋಡಿ ವಾದ ಮಾಡಾಕತ್ತಿದ್ಲು. ಅಷ್ಟರಾಗ ಕುಪ್ಪೇಲೂರಿಂದ ಅವ್ವನ ಗೆಳತಿ ಗಂಗಕ್ಕ ಬಂದ್ಲು, ಕೈಯಾಗ ಎರಡ ಮೋಸಂಬಿ.

"ಏನೂ ಆಗೂದಿಲ್ಲ ಬಿಡವಾ," ಅಂದ್ಲು. "ನಮ್ಮ ಭಾವಗ ಆದಂಗ ಎಲ್ಲಾರಿಗೂ ಆಗತೈತೇನು?"

ಅವ್ವನ ಮಾರಿ ಸಪ್ಪಗಾತು. "ನಿಮ್ಮ ಭಾವಗ ಏನಾಗಿತ್ತ?"

"ಈಗ್ಯಾಕ ಅದೆಲ್ಲಾ? ನೀ ಧೈರ್ಯದಿಂದ ಇರು."

ಇಷ್ಟ ಹೇಳಿ, ಚಾ ಕುಡುದು, ಗಂಗಕ್ಕ ವಾಪಸ್ ಬಸ್ ಹತ್ತಿದ್ಲು. ಇತ್ತ ಅವ್ವ ಚೀಲ ತುಂಬಿ, "ನನಗ ಒಂದ ಕಣ್ಣ ಸಾಕು, ಮನೀಗೆ ನಡಿ," ಅಂತ ಎದ್ದ ನಿಂತ್ಲು. ನಾನು, ನರ್ಸು, ಡಾಕ್ಟರು ಕೂಡಿ ಒಂದ ತಾಸು ರಮಿಸಿ ಒಳಗ ಕಳಿಸಿದಿವಿ. ಆಪರೇಷನ್ ಹದಿನೈದ ನಿಮಿಷದಾಗ ಮುಗೀತು.

ನನಗ ತಡಕೊಳ್ಳಾಕ ಆಗಲಿಲ್ಲ. ಗಂಗಕ್ಕಗ ಫೋನ್ ಹಚ್ಚಿ ಕೇಳಿದೆ.

"ಭಾವಗ? ಅವನ ಕಣ್ಣ ಚೊಲೋ ಆಗ್ಯಾವ. ಆಸ್ಪತ್ರಿ ಬಾಗಲದಾಗ ಬಿಟ್ಟಿದ್ದ ಹೊಸ ಚಪ್ಪಲಿ ಯಾರೋ ಹಾಕ್ಕೊಂಡ ಹೋದ್ರು."

ಇದನ್ನ ಅವ್ವಗ ಹೇಳೂಣು ಅಂತ ವಾರ್ಡಿಗೆ ಓಡಿ ಬಂದೆ. ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಸ್ಕೊಂಡು, ಬಾಜೂ ಕಾಟಿನ ಹೆಣಮಗಳ ಕೈ ಹಿಡದು ಹೇಳಾಕತ್ತಿದ್ಲು: "ಏನೂ ಆಗೂದಿಲ್ಲ ಬಿಡವಾ. ನಮ್ಮ ಗಂಗಕ್ಕನ ಭಾವಗ ಆದಂಗ ಎಲ್ಲಾರಿಗೂ ಆಗತೈತೇನು?"

ಆ ಹೆಣಮಗಳು ಈಗ ಚೀಲ ತುಂಬಾಕತ್ತಾಳ.